ಬಾಯ್ಲರಿನ ಮುಂದೆ ನಿಂತವರು

ಹೋದ ವಾರ ಯಲಬುರ್ಗಾದ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಳು. ಕೊಟ್ಟ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ನಮ್ಮಪ್ಪ ಹೋದ್ರಿ ಅಕ್ಕಾರ. ನಿಮಗ ಹೇಳಿ ಹೋಗಬೇಕಂತ ಬಂದೆ" ಅಂದಳು. ನನಗೆ ಗುರುತು ಹತ್ತಲಿಲ್ಲ. ಯಾರ ಮಗಳವ್ವ ನೀನು ಎಂದು ಕೇಳಿದೆ.

"ಬಾಯ್ಲರ್ ಕಾಕಾನ ಮಗಳ್ರಿ."

ನನಗೇ ತಿಳಿಯದಂತೆ ನಾನು ಎದ್ದು ನಿಂತಿದ್ದೆ. ಮೂರು ದಿನ ಜ್ವರ ಬಂದಿತ್ತಂತೆ. ಯಾರಿಗೂ ತ್ರಾಸು ಕೊಡದೆ ಹೋದರಂತೆ. ಕೊನೆಯ ದಿನ ಒಲೆಯ ಮುಂದೆ ಕುಳಿತಿದ್ದ ಮೊಮ್ಮಗಳನ್ನು ಕರೆದು, ಕಟ್ಟಿಗೆ ಹಸಿ ಇದೆ, ಶಬ್ದ ಕೇಳಿದರೇ ತಿಳಿಯುತ್ತದೆ, ಬದಲಾಯಿಸು ಎಂದರಂತೆ. ಅದನ್ನು ಹೇಳುವಾಗ ಮಗಳು ನಕ್ಕಳು, ಆಮೇಲೆ ಅತ್ತಳು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೂ ಕೊಪ್ಪಳದ ಹಳಬರಿಗೆ ಅದು ಯಾರೆಂದು ತಿಳಿಯಲಾರದು. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಎಲ್ಲರ ಬಾಯಲ್ಲೂ ಅವರು ಬಾಯ್ಲರ್ ಕಾಕಾ.

ನಾನು ಮದುವೆಯಾಗಿ ಕೊಪ್ಪಳಕ್ಕೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ನನ್ನ ಯಜಮಾನರು ಆ ಫ್ಯಾಕ್ಟರಿಯಲ್ಲಿ ಗುಮಾಸ್ತರು. ನಿಜಾಮರ ಸೀಮೆಯಾದ್ದರಿಂದ ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಅದನ್ನು ಓದಿ ಬರೆಯಬಲ್ಲವರು ಎಂದು ಇವರಿಗೆ ಆ ಕೆಲಸ ಸಿಕ್ಕಿತ್ತು. ಕಾಂಪೌಂಡಿನ ಹಿಂದೆ ಸಾಲಾಗಿ ಕಟ್ಟಿದ್ದ ಖೋಲಿಗಳಲ್ಲಿ ನಮ್ಮದೊಂದು, ಕಾಕಾ ಮತ್ತು ಅವರ ಹೆಂಡತಿ ಕಾಕುವಿನದು ಕೊನೆಯದು. ಸುಗ್ಗಿಯಲ್ಲಿ ಯಲಬುರ್ಗಾ, ಕುಷ್ಟಗಿಯ ಎರೆಹೊಲಗಳಿಂದ ಹತ್ತಿಯ ಬಂಡಿಗಳು ಬಂದು ಗೇಟಿನ ಹೊರಗೆ ಸಾಲುಗಟ್ಟುತ್ತಿದ್ದವು. ಬೀಜ ಬಿಡಿಸುವ ಯಂತ್ರಗಳು ಒಳಗೆ ಎರಡು ಸಾಲು. ಅವನ್ನೆಲ್ಲ ತಿರುಗಿಸುವುದಕ್ಕೆ ಒಂದೇ ಉಗಿಯ ಎಂಜಿನ್ನು. ಎಂಜಿನ್ನಿಗೆ ಉಗಿ ಕೊಡುವುದಕ್ಕೆ ಒಂದೇ ಬಾಯ್ಲರು. ಆ ಬಾಯ್ಲರಿನ ಮುಂದೆ ಕಾಕಾ.

ಆಳು ಗಿಡ್ಡ. ಹುಬ್ಬುಗಳು ಅರ್ಧ ಸುಟ್ಟು ಮತ್ತೆ ಬೆಳೆಯದೆ ಹಾಗೆಯೇ ಉಳಿದಿದ್ದವು. ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಧೋತರ, ತಲೆಗೆ ಮಸಿ ಹಿಡಿದ ಒಂದು ವಸ್ತ್ರ. ಅವರು ಓಡಿದ್ದನ್ನು ನಾನು ನೋಡಲೇ ಇಲ್ಲ. ಬಾಯ್ಲರಿನ ಮನೆಯಲ್ಲಿ ಬೇರೆಯವರು ಓಡಿದರೂ ಅವರಿಗೆ ಸೇರುತ್ತಿರಲಿಲ್ಲ. "ಓಡಬ್ಯಾಡಪಾ. ಓಡಾಂವ ಏನೂ ನೋಡಂಗಿಲ್ಲ" ಅನ್ನುತ್ತಿದ್ದರು. ಬಾಯ್ಲರನ್ನು ಅವರು ಹೆಂಗಸೆಂಬಂತೆ 'ಅಕಿ' ಎಂದೇ ಕರೆಯುತ್ತಿದ್ದರು. ಅಕಿ ಇವತ್ತು ಛಲೋ ಅದಾಳ. ಅಕಿಗೆ ನೀರು ಸೇರವಲ್ದು. ಊಟಕ್ಕೆ ಕೂತರೂ ಅಕಿಗೆ ಬೆನ್ನು ಮಾಡಿ ಕೂಡುತ್ತಿರಲಿಲ್ಲ.

ನನಗೆ ಅವರ ಪರಿಚಯವಾದದ್ದು ಒಂದು ಸ್ಟೋವಿನ ದೆಸೆಯಿಂದ. ಯಜಮಾನರು ಹುಬ್ಬಳ್ಳಿಗೆ ಹೋದವರು ಹಿತ್ತಾಳೆಯ ಪಂಪ್ ಸ್ಟೋವ್ ತಂದರು. ನಮ್ಮ ಸಾಲಿನಲ್ಲಿ ಅದೇ ಮೊದಲನೆಯದು. ನೋಡಲು ಹೆಂಗಸರೆಲ್ಲ ಬಂದು ಹೋದರು. ನನಗೆ ಮಾತ್ರ ಅದನ್ನು ಕಂಡರೆ ಅಂಜಿಕೆ. ಯಜಮಾನರು ಕಚೇರಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಧೈರ್ಯ ಮಾಡಿ ಬರ್ನರಿನ ಕೆಳಗಿನ ಬಟ್ಟಲಿಗೆ ಸೀಮೆಎಣ್ಣೆ ಹಾಕಿ ಕಡ್ಡಿ ಕೊರೆದೆ. ಬರ್ನರು ಕಾಯುವ ಮೊದಲೇ ಪಂಪು ಹೊಡೆಯತೊಡಗಿದೆ. ಹೊಡೆದಷ್ಟೂ ಉರಿ ಹಳದಿಯಾಗಿ ಏರಿತು. ಉರಿ ಸರಿಯಾಗಲಿ ಎಂದು ಇನ್ನೂ ಹೊಡೆದೆ. ಜ್ವಾಲೆ ನನ್ನ ಎತ್ತರಕ್ಕೆ ಎದ್ದು ಮಾಡಿನ ತಗಡಿಗೆ ಮಸಿ ಬಳಿಯತೊಡಗಿತು. ನೀರಿನ ಕೊಡ ಎತ್ತಿಕೊಂಡೆ.

"ಅಕ್ಕಾರ, ನೀರು ಬ್ಯಾಡ."

ಬಾಗಿಲಲ್ಲಿ ಕಾಕಾ. ಓಣಿಯಲ್ಲಿ ಹೋಗುತ್ತಿದ್ದವರು ಶಬ್ದ ಕೇಳಿ ನಿಂತಿದ್ದರು. ಎರಡು ಹೆಜ್ಜೆ ಒಳಗೆ ಬಂದು, ಬಾಗಿ, ಸ್ಟೋವಿನ ಹೆಗಲಿನ ಮೇಲಿದ್ದ ಸಣ್ಣ ತಿರುಪನ್ನು ಒಂದು ಸುತ್ತು ಸಡಿಲಿಸಿದರು. ಹುಸ್ಸೆಂದು ಗಾಳಿ ಹೊರಬಿತ್ತು. ಆ ಉರಿ ಕುಸಿದು, ಕುಣಿದು, ಆರಿಹೋಯಿತು. ಅಷ್ಟೇ. ನಾನು ಕೊಡ ಹಿಡಿದುಕೊಂಡೇ ಗೋಡೆಗೆ ಒರಗಿದೆ.

"ಅಂಜಬ್ಯಾಡ್ರಿ. ಅಂಜೂದಾದ್ರ ಬೆಂಕಿಗಲ್ಲ, ಹೊಟ್ಟ್ಯಾಗಿನ ಗಾಳಿಗೆ ಅಂಜ್ರಿ. ಆ ಗಾಳಿ ಎಲ್ಲಿಂದ ಬಂತ್ರಿ?"

"ನಾನೇ ಹೊಡೆದೆ ಕಾಕಾ."

"ಹೌದಿಲ್ಲೋ? ಹಾಕಿದಾಕಿ ನೀವು. ತಗ್ಯಾಕೂ ನಿಮಗ ಬರಬೇಕು. ಎಷ್ಟು ಹಾಕೀನಿ ಅನ್ನೂದು ಕೈಗೆ ಗೊತ್ತಿರಬೇಕು."

ಆಮೇಲೆ ಅವರು ನೆಲದ ಮೇಲೆ ಕುಳಿತು ಎಲ್ಲವನ್ನೂ ತಿಳಿಸಿದರು. ಬರ್ನರು ಕಾಯದಿದ್ದರೆ ಎಣ್ಣೆ ಎಣ್ಣೆಯಾಗಿಯೇ ಮೇಲೆ ಬರುತ್ತದೆ, ಹಳದಿಯಾಗಿ ಉರಿಯುತ್ತದೆ. ಕಾದಿದ್ದರೆ ಆವಿಯಾಗಿ ಬರುತ್ತದೆ, ನೀಲಿಯಾಗಿ ಉರಿಯುತ್ತದೆ. ಒಳಗಿನ ಗಾಳಿಯ ಒತ್ತು ಅದನ್ನು ಮೇಲೆ ದೂಡುವ ಕೆಲಸವನ್ನಷ್ಟೇ ಮಾಡುತ್ತದೆ. ಈ ಒತ್ತಿಗೆ ಅವರು 'ದಾಬು' ಎನ್ನುತ್ತಿದ್ದರು. ಮತ್ತೆ ಹೊತ್ತಿಸಿ, ನನ್ನ ಕೈಯಿಂದಲೇ ಪಂಪು ಹೊಡೆಸಿ, ಕಣ್ಣು ಮುಚ್ಚಿಕೊಳ್ಳಿರಿ ಅಂದರು.

"ಈಗ ಉರಿ ಯಾವ ಬಣ್ಣ?"

"ಕಣ್ಣು ಮುಚ್ಚಿದರೆ ಹೇಗೆ ಕಾಣುತ್ತದೆ ಕಾಕಾ?"

"ಕಿವಿ ಮುಚ್ಚಿಲ್ಲಲ್ಲ?"

ನಾಲ್ಕು ದಿನ ಬಂದು ಹಾಗೆಯೇ ಕೂಡಿಸಿದರು. ಐದನೆಯ ದಿನ ಕಣ್ಣು ಮುಚ್ಚಿ, ಒಂದು ಕಡೆ ಹಳದಿ ಎಂದೆ. ಕಣ್ಣು ತೆರೆದರೆ ಒಂದು ಕಡೆ ಹಳದಿಯೇ. ರಂಧ್ರದಲ್ಲಿ ಕಸ ಸಿಕ್ಕಿತ್ತು. ಕಾಕಾ ಪಿನ್ನು ಕೊಟ್ಟು, "ಚುಚ್ಚ್ರಿ" ಅಂದರೇ ಹೊರತು ಭಲೆ ಅನ್ನಲಿಲ್ಲ. ಹೊಗಳುವ ಅಭ್ಯಾಸವೇ ಅವರಿಗೆ ಇರಲಿಲ್ಲ.

ಆಮೇಲೆ ಊರಲ್ಲಿ ಒಂದೊಂದೇ ಸ್ಟೋವ್ ಬಂದವು. ಅವು ಕೆಟ್ಟಾಗಲೂ, ಮದುವೆಮನೆಗಳ ಗ್ಯಾಸ್‌ಬತ್ತಿ ಕೆಟ್ಟಾಗಲೂ ಎಲ್ಲರೂ ಕಾಕಾನನ್ನು ಕರೆಯುತ್ತಿದ್ದರು. ಪಂಪಿನ ಚರ್ಮದ ವಾಷರು ಒಣಗಿದ್ದರೆ ಎಣ್ಣೆ ಸವರಿ ಕೊಡುವರು. ಎಣ್ಣೆಯ ಟಾಕಿಯ ಬೆಸುಗೆ ಬಿಟ್ಟಿದ್ದರೆ ಮಾತ್ರ, ಎಷ್ಟು ಬೇಡಿಕೊಂಡರೂ ಹೊತ್ತಿಸಲು ಬಿಡುತ್ತಿರಲಿಲ್ಲ. ಸ್ಟೋವನ್ನು ತಮ್ಮ ಖೋಲಿಗೇ ಒಯ್ದು ಇಟ್ಟುಕೊಂಡುಬಿಡುತ್ತಿದ್ದರು. ಹಾಗೆ ಮುಟ್ಟುಗೋಲಾದ ನಾಲ್ಕೈದು ಸ್ಟೋವ್‌ಗಳು ಅವರ ಗೂಡಿನಲ್ಲಿದ್ದವು. ಕಾಕುವಿಗೆ ಅವುಗಳ ಮೇಲೆ ಸಿಟ್ಟು.

ಒಮ್ಮೆ ನಳದ ಹತ್ತಿರ ನಾವು ಹೆಂಗಸರು, ಇಷ್ಟು ದಪ್ಪ ಕಬ್ಬಿಣದ ಬಾಯ್ಲರು ಬರೀ ಉಗಿಗೆ ಹೇಗೆ ಒಡೆಯುತ್ತದೆ ಎಂದು ಕಾಕಾನನ್ನು ಕೇಳಿದೆವು. "ಹಂಚಿನ ಮ್ಯಾಲ ರೊಟ್ಟಿ ಉಬ್ಬತೈತಿಲ್ಲ? ಆಗ ಅರಿವಿ ತುಂಡಿಲೆ ಒಂದು ಕಡೆ ಒತ್ತಿದ್ರ ಉಗಿ ಎಲ್ಲಿ ಬರತೈತಿ?" ಅಂದರು. ಒಬ್ಬಳು ತನ್ನ ಬೆರಳಿನ ಸುಟ್ಟ ಕಲೆ ತೋರಿಸಿ, ಎಲ್ಲಿ ತೆಳ್ಳಗಿದೆಯೋ ಅಲ್ಲಿ ಅಂದಳು. "ಅಷ್ಟ ನೋಡ್ರಿ. ದಾಬು ಎಲ್ಲಾ ಕಡೆ ಹುಡುಕತೈತಿ. ತೆಳ್ಳಂದು ಸಿಗೂತನ ಹುಡುಕತೈತಿ. ದಪ್ಪ ಇದ್ದಲ್ಲಿ ಕೈ ಇಟ್ಟು ಗಟ್ಟಿ ಐತಿ ಅಂದ್ರ ಏನೂ ಹೇಳಿದಂಗಲ್ಲ." ರೊಟ್ಟಿ ಬಡಿಯುತ್ತ ಜೀವನ ಕಳೆದ ನಮಗೆ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಡಲಾರರು.

ಫ್ಯಾಕ್ಟರಿಯಲ್ಲಿ ಒಬ್ಬ ಮ್ಯಾನೇಜರ್ ಇದ್ದರು. ಕೆಟ್ಟವರಲ್ಲ, ಅವಸರದವರು. ಬಾಯ್ಲರಿನ ನೆತ್ತಿಯ ಮೇಲೆ ಒಂದು ಕವಾಟ. ಅದರ ಸಲಾಕಿಗೆ ತೂಕದ ಗುಂಡು. ದಾಬು ಮಿತಿ ಮೀರಿದರೆ ಉಗಿ ಆ ತೂಕವನ್ನು ಎತ್ತಿ ತಾನೇ ಹೊರಗೆ ಹೋಗುತ್ತದೆ. ಉಗಿ ಸುಮ್ಮನೆ ಹಾಳಾಗುತ್ತದೆ ಎಂದು ಮ್ಯಾನೇಜರ್ ಒಂದು ದಿನ ಆ ಸಲಾಕಿಗೆ ಇನ್ನಷ್ಟು ಭಾರಕ್ಕೆ ಒಂದು ಇಟ್ಟಿಗೆ ಕಟ್ಟಿಸಿದರು. ಕಾಕಾ ಬಂದು ನೋಡಿದರು. ಏಣಿ ಹತ್ತಿ ಇಟ್ಟಂಗಿ ಬಿಚ್ಚಿದರು. ನಿಧಾನವಾಗಿ ಅಂಗಳ ದಾಟಿ ಕಚೇರಿಗೆ ಹೋಗಿ ಅದನ್ನು ಮ್ಯಾನೇಜರರ ಮೇಜಿನ ಮೇಲೆ, ಮಸಿಕುಡಿಕೆಯ ಪಕ್ಕ ಇಟ್ಟರು. "ನಿಮ್ಮ ಇಟ್ಟಂಗಿ ನಮ್ಮ ಕಡೆ ಬಂದಿತ್ರಿ" ಅಂದು ಹೊರಟುಬಂದರು. ಮರುದಿನ ಮತ್ತೆ ಇಟ್ಟಂಗಿ. ಮತ್ತೆ ಮೇಜಿನ ಮೇಲೆ. ಹೀಗೆ ಒಂದು ವಾರ. ಕೊನೆಗೆ ಸೋತವರು ಮ್ಯಾನೇಜರ್. ನನ್ನ ಯಜಮಾನರು ಮನೆಗೆ ಬಂದು ಇದನ್ನು ಹೇಳಿ ನಗುತ್ತಿದ್ದರು. ಆದರೆ ಆ ಸಿಟ್ಟು ಮ್ಯಾನೇಜರರ ಹೊಟ್ಟೆಯಲ್ಲಿ ಉಳಿದಿತ್ತು.

ಮುಂದೆ ರಜಾಕಾರರ ಗಲಾಟೆಯ ವರ್ಷ ಫ್ಯಾಕ್ಟರಿ ಬಾಗಿಲು ಹಾಕಿತು. ಕಾಕಾ ಮುನಿರಾಬಾದಿಗೆ ಆಣೆಕಟ್ಟಿನ ಕೆಲಸಕ್ಕೆ ಹೋದರು. ಅಲ್ಲಿಯೂ ಉಗಿಯ ಯಂತ್ರಗಳೇ. ಕೈಯಲ್ಲಿ ಶಕ್ತಿ ಇರುವವರೆಗೆ ದುಡಿದು ಮಗಳ ಊರು ಸೇರಿದರು. ಅದಕ್ಕೂ ಮೊದಲು ಕೊಪ್ಪಳದಲ್ಲಿ ನಡೆದ ಒಂದು ದಿನದ ಸಂಗತಿಯನ್ನು ಬರೆಯದಿದ್ದರೆ ಅವರ ಬಗ್ಗೆ ನಾನು ಏನನ್ನೂ ಬರೆದಂತಾಗುವುದಿಲ್ಲ.

ಸುಗ್ಗಿಯ ನಡುವಿನ ದಿನ. ಮಧ್ಯಾಹ್ನ. ಯಜಮಾನರಿಗೆ ಬುತ್ತಿ ಕೊಡಲು ಹೋಗಿದ್ದೆ. ಕಾಕಾ ಊಟ ಮುಗಿಸಿ ಕೈ ಒರೆಸುತ್ತ ಬಾಯ್ಲರಿನ ಕಡೆ ಹೋಗುತ್ತಿದ್ದರು. ಅವರು ಉಣ್ಣುವಷ್ಟು ಹೊತ್ತು ಒಲೆಯ ಬೆಂಕಿ ನೋಡುವ ಎರಡನೆಯ ಆಳು, ಫೈರ್‌ಮನ್, ನೋಡಿಕೊಳ್ಳುತ್ತಿದ್ದ. ಬಾಯ್ಲರಿನ ಎದುರು ಒಂದು ಉದ್ದನೆಯ ಗಾಜಿನ ಕೊಳವೆ. ಒಳಗೆ ಎಷ್ಟು ನೀರಿದೆ ಎಂಬುದನ್ನು ಅದು ತೋರಿಸುತ್ತದೆ. ಅದರಲ್ಲಿ ಅರ್ಧಕ್ಕಿಂತ ಮೇಲೆ ನೀರು ಕಾಣುತ್ತಿತ್ತು. ಎಲ್ಲ ಸರಿಯಾಗಿಯೇ ಇದ್ದಂತಿತ್ತು.

ಕಾಕಾ ಆ ಗಾಜಿನ ಮುಂದೆ ನಿಂತರು. ಬಾಗಿಲಿನಾಚೆಯಿಂದ ನನಗೆ ಅವರ ಬೆನ್ನಷ್ಟೇ ಕಾಣುತ್ತಿತ್ತು.

"ನೀರು ಕುಣೀವಲ್ದು" ಅಂದರು.

ಉಗಿ ಏಳುವ ಬಾಯ್ಲರಿನಲ್ಲಿ ಗಾಜಿನೊಳಗಿನ ನೀರು ಒಂದೇ ಸಮ ಅಲುಗುತ್ತಿರುತ್ತದಂತೆ. ಈ ನೀರು ಸತ್ತಂತೆ ನಿಂತಿತ್ತು. ಪಕ್ಕದಲ್ಲಿ ಮೇಲಿನಿಂದ ಕೆಳಗೆ ಮೂರು ಸಣ್ಣ ನಳಗಳಿದ್ದವು. ಕಾಕಾ ನಡುವಿನದನ್ನು ತಿರುಗಿಸಿದರು. ನೀರು ಬರಬೇಕಿತ್ತು, ಉಗಿ ಬಂತು. ಕೆಳಗಿನದನ್ನು ತಿರುಗಿಸಿದರು. ಅದರಲ್ಲಿಯೂ ಬರೀ ಉಗಿ.

"ಗಾಜು ಸುಳ್ಳ ಹೇಳಾಕತ್ತೈತಿ. ಒಳಗ ನೀರಿಲ್ಲ."

ಎರಡನೆಯ ಫೈರ್‌ಮನ್ ಬಿಳಿಚಿಹೋದ. "ನೀರು ಬಿಡ್ತೀನಿ ಕಾಕಾ" ಎಂದು ನೀರಿನ ಪಂಪಿನ ಕಡೆಗೆ ಜಿಗಿದ. ಕಾಕಾ ಅವನ ರಟ್ಟೆ ಹಿಡಿದರು.

"ಮುಟ್ಟಬ್ಯಾಡ. ಕಾದ ಕಬ್ಬಿಣದ ಮ್ಯಾಲ ತಣ್ಣೀರು ಬಿದ್ರ ಒಂದ ಕ್ಷಣದಾಗ ಎಷ್ಟು ಉಗಿ ಆಕ್ಕೈತಿ ಗೊತ್ತೈತೇನು? ನೀ ಹೊರಗ ನಡಿ. ಎಲ್ಲಾರ್ನೂ ಗೇಟಿನ ಆಚೆ ಕಳಸು. ಓಡಬ್ಯಾಡ ಅನ್ನು."

ಮ್ಯಾನೇಜರ್ ಬಂದರು. ಮೇಲಿನ ಕವಾಟ ಎತ್ತಿ ಉಗಿ ಬಿಟ್ಟುಬಿಡು ಎಂದು ಕೂಗಿದರು. ಕಾಕಾ ತಿರುಗಿ ನೋಡದೆ, "ಬ್ಯಾಡ್ರಿ. ಈಗ ಏನೂ ಝಟ್ಟಂತ ಆಗಬಾರದು. ಎಂಜಿನ್ನೂ ಹಂಗ ಓಡ್ಲಿ, ತಾನ ನಿಂದರ್ಲಿ. ನಾವು ಬೆಂಕಿ ಒಂದ ಕೊಲ್ಲೂಣು" ಅಂದರು. ಒಲೆಯ ಬಾಗಿಲು ತೆರೆದರು. ಒಳಗೆ ಕೆಂಡದ ಹಾಸು. ಪಕ್ಕದಲ್ಲಿದ್ದ ಬೂದಿಗೆ ನೀರು ಚಿಮುಕಿಸಿ ಸಲಿಕೆಯಿಂದ ಕೆಂಡದ ಮೇಲೆ ಹರಡತೊಡಗಿದರು. ಒಂದು ಸಲಿಕೆ, ಇನ್ನೊಂದು ಸಲಿಕೆ. ಹೊಲದಲ್ಲಿ ಬೀಜ ಚೆಲ್ಲುವವರ ಹಾಗೆ ಸಮನಾಗಿ. ಮ್ಯಾನೇಜರ್ ಅಷ್ಟರಲ್ಲಿ ಗೇಟಿನ ಹತ್ತಿರ ಇದ್ದರು.

ಬೂದಿ ಮುಗಿಯಿತು. ಉಳಿದದ್ದು ಹಿತ್ತಲಿನ ತಿಪ್ಪೆಯಲ್ಲಿ. ಜನರೆಲ್ಲ ಹೊರಗೆ ಹೋಗುತ್ತಿದ್ದಾಗ ಒಬ್ಬಳು ಮಾತ್ರ ಒಳಗೆ ಬಂದಳು. ಕಾಕು. ಅವಳು ಯಂತ್ರಕ್ಕೆ ಹತ್ತಿ ಹಾಕುವ ಕೆಲಸದವಳು. ಮೈಯೆಲ್ಲ ಅರಳೆಯ ನೂಲು ಅಂಟಿತ್ತು.

"ನೀ ಯಾಕ ಬಂದಿ? ಹೋಗು" ಅಂದರು ಕಾಕಾ.

"ನೀವು ಇಲ್ಲಿ ನಿಂತ್ರ ನಾ ಎಲ್ಲಿಗೆ ಹೋಗ್ಲಿ? ಬೂದಿ ಎಷ್ಟ ಬೇಕು, ಹೇಳ್ರಿ."

ಕಾಕು ಬುಟ್ಟಿ ತಗೊಂಡು ತಿಪ್ಪೆಗೆ ಹೋದಳು. ನನ್ನ ಕಾಲು ಗೇಟಿನ ಕಡೆಗೆ ಹೋಗಬೇಕಾದದ್ದು ಅವಳ ಹಿಂದೆ ಹೋಯಿತು. ಧೈರ್ಯದಿಂದ ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಮನುಷ್ಯ ಅಲ್ಲಿ ಅಷ್ಟು ಸಮಾಧಾನದಿಂದ ಸಲಿಕೆ ಆಡಿಸುತ್ತಿದ್ದರೆ ಓಡುವುದು ಹೇಗೆಂದೇ ಮರೆತುಹೋಗುತ್ತಿತ್ತು. ನಾವಿಬ್ಬರೂ ಒದ್ದೆ ಬೂದಿ ತುಂಬಿ ತುಂಬಿ ತಂದು ಬಾಗಿಲಲ್ಲಿ ಸುರಿದೆವು. ಎಂಟು ಬುಟ್ಟಿಯೋ ಹತ್ತೋ. ಕಾಕಾ ನಮ್ಮನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಒಲೆಯ ಕೆಂಪು ಮಂಕಾಗುತ್ತ, ಕಪ್ಪಾಗುತ್ತ ಹೋಯಿತು. ಅವರು ಹೊಗೆಕೊಳವೆಯ ತಗಡನ್ನು ಎಳೆದು ಗಾಳಿ ಮುಚ್ಚಿದರು. ಆಮೇಲೆ ಅಲ್ಲಿಯೇ ನಿಂತು ದಾಬು ತೋರಿಸುವ ಗಡಿಯಾರದ ಮುಳ್ಳನ್ನು ನೋಡತೊಡಗಿದರು.

ಒಳಗೆ ಯಂತ್ರಗಳು ಇನ್ನೂ ತಿರುಗುತ್ತಿದ್ದವು. ಹತ್ತಿ ಹಾಕುವವರಿಲ್ಲದೆ ಬರಿದೇ ಖಟಪಟ ಎನ್ನುತ್ತಿದ್ದವು. ಆ ಶಬ್ದ ಸ್ವಲ್ಪ ಸ್ವಲ್ಪವೇ ನಿಧಾನವಾಯಿತು. ಯಂತ್ರ ತಿರುಗಿಸುವ ಪಟ್ಟಿಗಳು ಜೋಲಿ ಹೊಡೆದವು. ಮುಳ್ಳು ಇಳಿಯಿತು. ಕೊನೆಗೆ ಎಂಜಿನ್ನಿನ ದೊಡ್ಡ ಚಕ್ರ ಅರ್ಧ ಸುತ್ತು ಬಂದು, ಹಿಂದಕ್ಕೆ ತುಸು ಸರಿದು, ನಿಂತಿತು. ಸುಗ್ಗಿಯಲ್ಲಿ ಆ ಅಂಗಳ ಅಷ್ಟು ಮೌನವಾಗಿದ್ದನ್ನು ನಾನು ಕೇಳಿರಲಿಲ್ಲ. ಗೇಟಿನಾಚೆ ಬಂಡಿಯ ಎತ್ತುಗಳ ಕೊರಳ ಗಂಟೆ ಕೇಳಿಸುತ್ತಿತ್ತು. ಕಾಕಾ ಸಲಿಕೆಯನ್ನು ಗೋಡೆಗೆ ಒರಗಿಸಿ, "ಈಗ ಹೋಗ್ರಿ ಅಕ್ಕಾರ, ಕೈ ತೊಳಕೋರಿ" ಅಂದರು.

ಎರಡು ದಿನ ಬಿಟ್ಟು, ಬಾಯ್ಲರು ತಣ್ಣಗಾದ ಮೇಲೆ ಕಾಕಾ ಅದರೊಳಗೆ ತೆವಳಿದರು. ಗಾಜಿಗೆ ನೀರು ಕೊಡುವ ಕೊಳವೆಯಲ್ಲಿ ನಮ್ಮ ಬಾವಿಯ ಸವಳು ನೀರು ಕಟ್ಟಿಸಿದ್ದ ಸುಣ್ಣದ ಗಟ್ಟಿ ಸಿಕ್ಕಿತು. ನನ್ನ ಹೆಬ್ಬೆರಳಿನಷ್ಟು. ಅದರ ಹಿಂದೆ ಸಿಕ್ಕಿಕೊಂಡ ಹಳೆಯ ನೀರನ್ನೇ ಗಾಜು ಎಲ್ಲರಿಗೂ ತೋರಿಸುತ್ತಿತ್ತು. ಫೈರ್‌ಮನ್ನನಿಗೆ ಕಾಕಾ ಒಂದು ಮಾತೂ ಬಯ್ಯಲಿಲ್ಲ.

ಆದರೆ ಫ್ಯಾಕ್ಟರಿ ನಿಂತಿತ್ತು, ಬಂಡಿಗಳು ಬೇರೆ ಊರಿಗೆ ತಿರುಗುತ್ತಿದ್ದವು. ಮ್ಯಾನೇಜರ್ ಫ್ಯಾಕ್ಟರಿಯ ಒಡೆಯರಾದ ಸಾಹುಕಾರರಿಗೆ, ಗಾಜಿನಲ್ಲಿ ನೀರಿತ್ತು, ಮುದುಕ ಅಂಜಿ ಬೆಂಕಿ ಆರಿಸಿದ ಎಂದು ಹೇಳಿದರು. ಕಾಕಾನನ್ನು ಬಿಡಿಸಿ ಪರವಾನಗಿ ಇರುವವರನ್ನು ತರಬೇಕೆಂಬ ಮಾತಾಯಿತು. ಕಾಕಾನ ಹತ್ತಿರ ಪರವಾನಗಿ ಇರಲಿಲ್ಲ. ಕಾಗದದ ಮೇಲೆ ಬೇರೆ ಊರಿನ ಯಾರದೋ ಹೆಸರಿತ್ತು. ಅವರು ತಿಂಗಳಿಗೊಮ್ಮೆ ಬಂದು ಸಹಿ ಮಾಡಿ ಹೋಗುತ್ತಿದ್ದರು. ಇದನ್ನೆಲ್ಲ ಪರೀಕ್ಷಿಸಲು ಸರ್ಕಾರದ ಬಾಯ್ಲರ್ ಇನ್‌ಸ್ಪೆಕ್ಟರ್ ಸಾಹೇಬರು ಬಂದರು.

ಸಾಹೇಬರು ವಯಸ್ಸಾದವರು, ಬೂದುಗಡ್ಡದವರು. ಶೇರ್ವಾನಿ ಕಳಚಿ, ಬನಿಯನ್ ಮೇಲೆಯೇ ಲಾಟೀನು ಹಿಡಿದು ತಾವೇ ಬಾಯ್ಲರಿನೊಳಗೆ ಇಳಿದರು. ಬಹಳ ಹೊತ್ತಿನ ಮೇಲೆ ಮುಖವೆಲ್ಲ ಮಸಿಯಾಗಿ ಹೊರಗೆ ಬಂದರು. ಒಲೆಯ ಮೇಲಿನ ತಗಡು ನೀರಿಲ್ಲದೆ ಕಾದು ನೀಲಿಗಟ್ಟಿ, ಅಂಗೈಯಷ್ಟು ಅಗಲ ಕೆಳಗೆ ಇಳಿದಿತ್ತಂತೆ. ಅವರು ಮ್ಯಾನೇಜರರ ಕಡೆ ನೋಡಲೇ ಇಲ್ಲ. ಬೆಂಕಿ ಮುಚ್ಚಿದವರು ಯಾರು ಎಂದು ಕೇಳಿದರು.

ಕಚೇರಿಯ ಪಡಸಾಲೆಯಲ್ಲಿ ಪ್ರಶ್ನೆಗಳು ನಡೆದವು. ಸಾಹೇಬರದು ಉರ್ದು, ಕಾಕಾನದು ಕನ್ನಡ, ನಡುವೆ ನನ್ನ ಯಜಮಾನರು. ಬೂದಿ ಹೊತ್ತವರೆಂದು ಕಾಕುವನ್ನೂ ನನ್ನನ್ನೂ ಕರೆಸಿದ್ದರು. ಕಂಬದ ಹತ್ತಿರ ನಿಂತಿದ್ದೆವು. ಗಾಜು ಸುಳ್ಳೆಂದು ಹೇಗೆ ತಿಳಿಯಿತು, ಕವಾಟ ಏಕೆ ಎತ್ತಲಿಲ್ಲ, ಕಾಕಾ ಒಂದೊಂದಕ್ಕೂ ಉತ್ತರ ಕೊಟ್ಟರು. ಸಾಹೇಬರು ತಲೆದೂಗುತ್ತ ಬರೆದುಕೊಂಡರು.

ಕೊನೆಗೆ, ನೀರಿಲ್ಲ ಎಂದು ತಿಳಿದ ಮೇಲೂ ನೀರು ಬಿಡಬಾರದೆಂದು ನಿಮಗೆ ಕಲಿಸಿದವರು ಯಾರು ಎಂದು ಕೇಳಿದರು.

ಕಾಕಾ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಮ್ಮಣ್ಣ ನೀರು ಬಿಟ್ಟಿದ್ದ, ಸಾಹೇಬ್ರ. ಗದಗಿನ ಕಡೆ ಒಂದು ಹತ್ತಿ ಪ್ರೆಸ್ಸಿನ್ಯಾಗ ಇಬ್ರೂ ಇದ್ವಿ. ಹಿಂಗ ನೀರು ಹೋಗಿತ್ತು. ಅಂವ ಪಂಪಿನ ಮ್ಯಾಲ ಕೈ ಇಟ್ಟು ನಿಂತಿದ್ದ, ಬಿಡ್ಲೋ ಬ್ಯಾಡೋ ಅಂತ. ನಾ ಬಾಗಲದಾಗ ನಿಂತು, ಬಿಡಲೋ, ಲಗೂನ ಬಿಡು ಅಂತ ಒದರಿದೆ." ಕೈಯಲ್ಲಿದ್ದ ವಸ್ತ್ರವನ್ನು ಮಡಿಸಿದರು. "ನನ್ನ ಮಾತು ಕೇಳಿ ಬಿಟ್ಟ."

ನನ್ನ ಯಜಮಾನರು ಅದನ್ನು ಉರ್ದುವಿಗೆ ತಿರುಗಿಸದೆ ತಲೆ ತಗ್ಗಿಸಿದರು. ಕಾಕಾ ತಾವೇ ತಮಗೆ ಬರುತ್ತಿದ್ದ ಬಜಾರದ ಉರ್ದುವಿನಲ್ಲಿ ಅದನ್ನು ಇನ್ನೊಮ್ಮೆ ಹೇಳಿದರು. ಎರಡನೆಯ ಸಲವೂ ಏನನ್ನೂ ಮುಚ್ಚಿಡಲಿಲ್ಲ.

ಸಾಹೇಬರು ಲೇಖನಿ ಕೆಳಗಿಟ್ಟರು. ಎದ್ದು ಬಂದು ಕಾಕಾನ ಹೆಗಲ ಮೇಲೆ ಕೈ ಇಟ್ಟರು. ಆಮೇಲೆ ಕುರ್ಚಿ ತರಿಸಿ ಕಾಕಾನನ್ನು ಕೂಡಿಸಿ, ತಾವು ನಿಂತೇ ಬರೆದರು. ತಗಡು ಬದಲಾಯಿಸಿದ ಮೇಲೆ ಬಾಯ್ಲರು ಈ ಮನುಷ್ಯನ ಕೈಯಲ್ಲೇ ನಡೆಯಬೇಕು, ಪರವಾನಗಿ ಇವರ ಹೆಸರಿಗೇ ಬರುತ್ತದೆ ಎಂದು. ಕಾಕಾ ಹೆಬ್ಬೆಟ್ಟು ಒತ್ತಿದರು. ಮ್ಯಾನೇಜರ್ ಮಸಿಯ ಡಬ್ಬಿ ಹಿಡಿದುಕೊಂಡು ನಿಂತಿದ್ದರು.

ನಾನು ಕಾಕುವನ್ನು ನೋಡಿದೆ. ಮದುವೆಯಾಗಿ ಎಷ್ಟೋ ವರ್ಷ ಅವರ ಜೊತೆ ಬಾಳಿದವಳು. ಬಾಯ್ಲರು ಒಡೆದು ಸತ್ತ ಅಣ್ಣ ಜ್ವರದಲ್ಲಿ ಹೋದನೆಂದೇ ಅವಳಿಗೆ ಹೇಳಿದ್ದರಂತೆ. ಅವಳು ಅಳಲಿಲ್ಲ. ಸಾಹೇಬರು, ಮ್ಯಾನೇಜರ್, ಅಂಗಳದಲ್ಲಿ ನೆರೆದಿದ್ದ ಅಷ್ಟೂ ಆಳುಗಳು ನೋಡುತ್ತಿದ್ದಂತೆಯೇ ನೆಟ್ಟಗೆ ಕುರ್ಚಿಯ ಹತ್ತಿರ ಹೋದಳು. ಗಂಡನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆಯುವ ಕಾಲ ಅದು.

"ಏಳ್ರಿ, ಮನಿಗೆ ಹೋಗೂಣು" ಅಂದಳು. ಮಸಿ ಹತ್ತಿದ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಅಂಗಳದ ತುಂಬ ಜನ ಸರಿದು ದಾರಿ ಬಿಟ್ಟರು. ಇಬ್ಬರೂ ಕೈ ಹಿಡಿದುಕೊಂಡೇ ಕೊನೆಯ ಖೋಲಿಯವರೆಗೆ ನಡೆದು ಹೋದರು.